ಬಚ್ಚಲಿನ ಹಿಂದಿನ ಹಂಚುಗಳು

ನಾನು ಓದು ನಿಲ್ಲಿಸಿದ್ದು ೧೯೯೩ರಲ್ಲಿ, ಎಂಟನೆಯ ಕ್ಲಾಸಿನ ಅರ್ಧದಲ್ಲಿ. ಅಪ್ಪ ತೀರಿಹೋದ ವರ್ಷ ಅದು. ಯಾರೂ ಬಿಡಿಸಿದ್ದಲ್ಲ, ನಾನೇ ಬಿಟ್ಟದ್ದು. ಬೆಳ್ತಂಗಡಿಯ ಒಂದು ಗ್ರಿಲ್ ವರ್ಕ್ಸಿಗೆ ಸೇರಿ ಕಬ್ಬಿಣ ಹಿಡಿದವನು ಇವತ್ತಿನವರೆಗೆ ಅದನ್ನು ಕೆಳಗಿಟ್ಟಿಲ್ಲ. ಅದಕ್ಕೆ ನನಗೆ ನಾಚಿಕೆ ಇಲ್ಲ. ಯಾರಾದರೂ ‘ಅಯ್ಯೋ ಪಾಪ’ ಅನ್ನುವುದೂ ಬೇಕಾಗಿಲ್ಲ.

ಈಗ ನನ್ನ ಕೆಲಸ ಮನೆಗಳಿಗೆ ಶೀಟಿನ ಮಾಡು, ಅಂದರೆ ಚಾವಣಿ, ಹಾಕುವುದು. ಕಳೆದ ಬೇಸಿಗೆಯಲ್ಲಿ ನರಿಕೊಂಬಿನಲ್ಲಿ, ಹೊಳೆಯ ಬದಿಯ ಒಂದು ಹಳೆಯ ಮನೆಯ ಹಂಚು ಇಳಿಸಿ ಶೀಟು ಹೊದಿಸಲಿಕ್ಕಿತ್ತು. ಮೊದಲ ಸಾಲು ಎಬ್ಬಿಸಿದ ಕೂಡಲೇ ಆ ವಾಸನೆ ಬಂತು. ಎಷ್ಟೋ ವರ್ಷದ ಒಲೆಯ ಹೊಗೆ, ಒಣಗಿದ ಪಾಚಿ, ಬೆಂದ ಮಣ್ಣು, ಎಲ್ಲ ಸೇರಿದ ಒಂದು ಒಣ ಘಾಟು. ಮನೆಯ ಹುಡುಗ ದುಬೈಯಿಂದ ರಜೆಯಲ್ಲಿ ಬಂದವನು, ಕೆಳಗಿನಿಂದ ಕೂಗಿ ಹೇಳಿದ: “ಅಣ್ಣಾ, ಆ ಹಂಚನ್ನೆಲ್ಲ ಹೊಂಡಕ್ಕೆ ಹಾಕಿಬಿಡಿ. ಯಾರಿಗೆ ಬೇಕು ಇನ್ನು?”

ನಾನು ಮಾಡಿನ ಪಕ್ಕಾಸು ಮರದ ಮೇಲೆ ಕಾಲು ಚಾಚಿ ಕೂತೆ. ಕೈಯಲ್ಲಿದ್ದ ಹಂಚನ್ನು ಮಗುಚಿ ಅದರ ಬೆನ್ನು ನೋಡಿದೆ. ಅದು ನನ್ನ ಕೈಗೆ ಹತ್ತಿದ ಅಭ್ಯಾಸ, ೨೦೦೩ರ ಬೇಸಿಗೆಯಲ್ಲಿ ಹತ್ತಿದ್ದು.

ಆಗ ನಾವು ಲಾಯಿಲದಲ್ಲಿ ಒಬ್ಬರ ಮನೆಯ ಹಿತ್ತಿಲಿನ ಬಿಡಾರದಲ್ಲಿ ಇದ್ದೆವು, ಅಮ್ಮ ಮತ್ತು ನಾನು. ತಂಗಿ ಸುಮತಿಯನ್ನು ಹಿಂದಿನ ವರ್ಷ ಮೂಡುಬಿದಿರೆಗೆ ಮದುವೆ ಮಾಡಿ ಕೊಟ್ಟಾಗಿತ್ತು. ಅಮ್ಮ ಬೀಡಿ ಕಟ್ಟುತ್ತಿದ್ದಳು. ಅವಳ ಕೈಯಲ್ಲಿ ಯಾವ ವಸ್ತುವೂ ಸುಮ್ಮನೆ ಸಾಯುವ ಹಾಗಿರಲಿಲ್ಲ. ಕತ್ತರಿಸಿ ಉಳಿದ ಬೀಡಿ ಎಲೆಯ ಚೂರು ಬಚ್ಚಲಿನ ಒಲೆಗೆ, ತುಂಡು ನೂಲು ಮಲ್ಲಿಗೆ ಕಟ್ಟಲಿಕ್ಕೆ, ಅಕ್ಕಿ ತೊಳೆದ ನೀರು ನೆರೆಮನೆಯ ದನಕ್ಕೆ, ಅಲ್ಲಿಂದ ಬದಲಿಗೆ ಒಂದು ಚೆಂಬು ಮಜ್ಜಿಗೆ. ಸವೆದ ಸೋಪು ಹೊಸ ಸೋಪಿನ ಬೆನ್ನೇರುತ್ತಿತ್ತು. ಹರಿದ ಸೀರೆ ಮೊದಲು ಹೊದಿಕೆ, ಆಮೇಲೆ ಒರೆಸುವ ಬಟ್ಟೆ, ಕಡೆಗೆ ದೀಪದ ಬತ್ತಿ. ಅಮ್ಮನ ಮನೆಗೆ ಬಂದ ವಸ್ತುವಿಗೆ ನಾಲ್ಕು ಜನ್ಮ ಎತ್ತದೆ ಮೋಕ್ಷವಿಲ್ಲ ಎಂದು ಸುಮತಿ ನಗುತ್ತಿದ್ದಳು.

ಇದೆಲ್ಲ ನಮ್ಮ ಕಡೆಯ ಎಲ್ಲ ಮನೆಗಳಲ್ಲಿಯೂ ಉಂಟು. ಅಮ್ಮನಿಗೆ ಮಾತ್ರ ಇದ್ದದ್ದು ಹಂಚಿನ ಹುಚ್ಚು. ಕಟ್ಟಿದ ಬೀಡಿಯನ್ನು ಕಂಪೆನಿಯ ಬ್ರಾಂಚಿಗೆ ಕೊಟ್ಟು ಹಿಂದೆ ಬರುವಾಗ ದಾರಿಯಲ್ಲಿ ಯಾರ ಮನೆಯ ಮಾಡು ಬಿಚ್ಚುವುದು ಕಂಡರೂ ಸರಿ, ಅಂಗಳಕ್ಕೆ ಇಳಿದು ಕೇಳುತ್ತಿದ್ದಳು: “ಅಕ್ಕಾ, ಆ ಬದಿಗೆ ಹಾಕಿದ್ದು ಬೇಡದ್ದಾ?” ಒಂದು, ಎರಡು, ಹೆಚ್ಚೆಂದರೆ ಮೂರು ಹಂಚು. ಸೆರಗನ್ನು ಸಿಂಬೆ ಸುತ್ತಿ ತಲೆಯ ಮೇಲೆ ಇಟ್ಟುಕೊಂಡು ಬರುವುದು. ಅಪ್ಪ ಹೋದ ವರ್ಷ ಶುರುವಾದದ್ದು ಹತ್ತು ವರ್ಷ ನಡೆಯಿತು. ಬಿಡಾರದ ಬಚ್ಚಲಿನ ಹಿಂದೆ ಹಂಚಿನ ಗೋಡೆಯೇ ಎದ್ದಿತ್ತು. ನನ್ನ ಗೆಳೆಯರು ಕೇಳುತ್ತಿದ್ದರು, “ಎಂತ ಮಾರಾಯಾ, ನಿನ್ನ ಅಮ್ಮ ಕಾರ್ಖಾನೆ ಹಾಕ್ತಾರಾ?” ನಮಗೆ ಆಗ ಸ್ವಂತ ಜಾಗವೇ ಇರಲಿಲ್ಲ. ಗೋಡೆ ಇಲ್ಲದೆ, ಪಾಯ ಇಲ್ಲದೆ ಅವಳು ಮಾಡಿನಿಂದ ಮನೆ ಕಟ್ಟಲಿಕ್ಕೆ ಹೊರಟಿದ್ದಳು.

ಆ ವರ್ಷ ಮೂರು ಸಂಗತಿ ಒಟ್ಟಿಗೆ ಬಂದವು. ಪುಂಜಾಲಕಟ್ಟೆಯಿಂದ ಸ್ವಲ್ಪ ಒಳಗೆ ನಮಗೆ ಐದು ಸೆಂಟ್ಸ್ ಜಾಗ ಮಂಜೂರಾಯಿತು. ಬಿಡಾರದ ಯಜಮಾನರು, ಹಿತ್ತಿಲು ಮಾರಾಟವಾಗಿದೆ, ಪತ್ತನಾಜೆಗೆ ಬಿಟ್ಟುಕೊಡಿ ಎಂದರು. ಪತ್ತನಾಜೆ ಎಂದರೆ ಬೇಸಿಗೆಯ ಕೊನೆ. ಆ ದಿನ ನಮ್ಮ ಕಡೆ ಭೂತದ ಕೋಲ, ಯಕ್ಷಗಾನದ ಆಟ ಎಲ್ಲ ಮುಗಿದು ಗೆಜ್ಜೆ ಬಿಚ್ಚುತ್ತಾರೆ, ಆಮೇಲೆ ಮಳೆಯದೇ ಕಾರುಬಾರು. ಮೂರನೆಯದು ಸುಮತಿ ಬಸುರಿ. ದಿನ ತುಂಬುವುದು ಮಳೆ ಹಿಡಿಯುವ ಹೊತ್ತಿಗೇ.

ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕು. ಬಯಕೆಯ ಊಟ ಮುಗಿಸಿ ಅವಳನ್ನು ಕರಕೊಂಡು ಬರಲಿಕ್ಕೆ ಮೂಡುಬಿದಿರೆಗೆ ಹೋದೆವು. ಅವಳ ಅತ್ತೆ ಗಟ್ಟಿ ಹೆಂಗಸು, ಮಾತು ಮಾತ್ರ ಬಹಳ ಮೆದು. ವೀಳ್ಯದ ಹರಿವಾಣ ಮುಂದಿಟ್ಟು ಹೇಳಿದರು: “ಅಕ್ಕಾ, ಬೇಜಾರು ಮಾಡಬೇಡಿ. ಇದ್ದ ಮನೆ ಬಿಡಬೇಕು, ಹೊಸದಕ್ಕೆ ಮಾಡು ಇಲ್ಲ. ಎಲ್ಲಿಗೆ ಕಳಿಸುವುದು ನಾನು? ಆಗದಿದ್ದರೆ ಬಾಣಂತನ ಇಲ್ಲೇ ಮಾಡುವ. ಯಾರು ಎಂತ ಹೇಳ್ತಾರೆ?”

ಅಮ್ಮ ವೀಳ್ಯವನ್ನು ಮುಟ್ಟಲಿಲ್ಲ. “ಪತ್ತನಾಜೆಯ ಒಳಗೆ ಮಾಡು ಆಗ್ತದೆ,” ಎಂದಳು. “ಆಗದಿದ್ದರೆ ನಾನೇ ಬಂದು ಹೇಳ್ತೇನೆ.”

ಬಸ್ಸಿನಲ್ಲಿ ಹಿಂದೆ ಬರುವಾಗ ಅವಳು ಒಂದೇ ಒಂದು ಮಾತು ಆಡಿದಳು. “ಅವರು ಹೇಳಿದ್ದರಲ್ಲಿ ತಪ್ಪಿಲ್ಲ ಮಗಾ. ಅದಕ್ಕೇ ಉರಿಯುವುದು.”

ಗೋಡೆಗೆ ಕೆಂಪು ಕಲ್ಲು. ಕಲ್ಲಿನ ಕೋರೆಯಲ್ಲಿ ಮೂಲೆ ಮುರಿದದ್ದನ್ನು ಬೇರೆಯೇ ಇಡುತ್ತಾರೆ, ಅದನ್ನೇ ತಂದು ಮುರಿದ ಬದಿಯನ್ನು ಒಳಗೆ ತಿರುಗಿಸಿ ಕಟ್ಟಿದೆವು. ಕಿಟಕಿಯ ಗ್ರಿಲ್ಲನ್ನು ನಾನು ವರ್ಕ್‌ಶಾಪಿನ ತುಂಡು ಸರಳುಗಳಿಂದ ಮಾಡಿದೆ. ನಾಲ್ಕು ಕಿಟಕಿ, ನಾಲ್ಕು ಥರ. ಪಕ್ಕಾಸು, ಅದರ ಮೇಲೆ ಹಂಚು ಕೂರುವ ರೀಪು ಎಲ್ಲ ಬಂಟ್ವಾಳದಲ್ಲಿ ಕೆಡವಿದ ಒಂದು ಗೋಡೌನಿನದ್ದು. ಮರದ ಕೆಲಸಕ್ಕೆ ಬಂದವರು ಸಂಜೀವ ಆಚಾರ್ರು. ಅವರ ಮನೆಗೆ ನಾನು ಗೇಟು ಮಾಡಿಕೊಡುವುದು, ನಮ್ಮ ಮಾಡನ್ನು ಅವರು ಏರಿಸುವುದು ಎಂದು ಮಾತಾಗಿತ್ತು. ನಾನು ಹಗಲಿಗೆ ವರ್ಕ್‌ಶಾಪು, ಸಂಜೆಗೆ ಮನೆ ಕೆಲಸ. ಅಂಗೈಯ ಚರ್ಮ ಹೋಗಿ ಹೊಸದು ಬಂದದ್ದೂ ಗೊತ್ತಾಗಲಿಲ್ಲ. ಲಾಯಿಲದ ಹಂಚಿನ ಗೋಡೆಯನ್ನು ಗೂಡ್ಸ್ ರಿಕ್ಷಾದಲ್ಲಿ ತಂದು ಅಂಗಳದಲ್ಲಿ ಇಳಿಸಿದ ದಿನ ಅಮ್ಮ ಹೊಸ ಸೀರೆ ಉಟ್ಟಿದ್ದಳು.

ಆಚಾರ್ರು ಮೊದಲ ಸಾಲು ಇಟ್ಟರು. ಎರಡನೆಯ ಸಾಲಿಗೆ ಬಂದವರು ಕೈ ನಿಲ್ಲಿಸಿ ತಲೆ ಕೆರೆದರು. ಹಂಚು ಹಂಚಿನ ಮೇಲೆ ಹಲ್ಲು ಕಿಸಿದ ಹಾಗೆ ಕೂತಿತ್ತು.

“ಅಕ್ಕಾ, ಒಂದು ಚೆಂಬು ನೀರು ಕೊಡಿ.”

ಬಾಯಾರಿಕೆಗೆ ಎಂದು ಅಮ್ಮ ಬೆಲ್ಲದ ತುಂಡನ್ನೂ ಸೇರಿಸಿ ಕೊಟ್ಟಳು. ಆಚಾರ್ರು ಬೆಲ್ಲವನ್ನು ಬಾಯಿಗೆ ಹಾಕಿ ನೀರನ್ನು ಹಂಚಿನ ಮೇಲೆ ಹೊಯ್ದರು. ಅದು ಕೆಳಗೆ ನಿಂತ ನನ್ನ ತಲೆಗೇ ಬಿತ್ತು.

“ಇದು ಮಾಡು ಅಲ್ಲ, ಜರಡಿ,” ಎಂದರು.

“ಹಂಚು ಹಂಚೇ ಅಲ್ವಾ ಆಚಾರ್ರೇ?”

“ಅಲ್ಲ ಮಾರಾಯ್ತಿ! ಒಂದೊಂದು ಕಾರ್ಖಾನೆಗೆ ಒಂದೊಂದು ಅಚ್ಚು. ಇದರ ತುಟಿ ಅದರ ಗೀರಿಗೆ ಕೂರುವುದಿಲ್ಲ. ಮಾಡಿನ ಒಂದು ಮಗ್ಗುಲಿಗೆ ಒಂದೇ ಅಚ್ಚು ಬೇಕು. ನೀವು ಐದು ಊರಿನ ಮದುಮಗಳಂದಿರನ್ನು ತಂದು ಒಂದೇ ಚಾಪೆಯಲ್ಲಿ ಕೂರಿಸಿದ್ದೀರಿ!”

ಹತ್ತು ವರ್ಷ ಹೊತ್ತದ್ದು. ಸ್ವಂತ ಮಾಡು ಇಲ್ಲದವಳಿಗೆ ಹಂಚಿಗೂ ಜಾತಿ ಉಂಟೆಂದು ಯಾರು ಹೇಳಬೇಕು? ಕಬ್ಬಿಣದವನಾದ ನನಗೂ ಗೊತ್ತಿರಲಿಲ್ಲ. ಅಮ್ಮ ಗೋಡೆಯ ನೆರಳಿನಲ್ಲಿ ಬೀಡಿಯ ತಟ್ಟೆ ತೆಗೆದು ಕೂತಳು. ಕೈ ತನ್ನಷ್ಟಕ್ಕೆ ಸುತ್ತುತ್ತಿತ್ತು. ಕಣ್ಣು ಮಾತ್ರ ಆ ರಾಶಿಯ ಮೇಲೆ. ನಾನು ಹತ್ತಿರ ಹೋಗಿ, “ಈ ವರ್ಷಕ್ಕೆ ಟರ್ಪಾಲು ಹಾಕುವ ಅಮ್ಮಾ. ಬರುವ ವರ್ಷ ನೋಡುವ,” ಎಂದೆ.

“ಟರ್ಪಾಲಿನ ಅಡಿಯಲ್ಲಿ ಬಾಣಂತಿಯಾ?” ಎಂದಳು. ಅಷ್ಟೇ.

ಆ ರಾತ್ರಿ ನಾವು ಮಾಡಿಲ್ಲದ ಗೋಡೆಗಳ ನಡುವೆಯೇ ಮಲಗಿದೆವು. ಮರುದಿನ ಬೆಳಿಗ್ಗೆ ನಾನು ಏಳುವಾಗ ಅಂಗಳದಲ್ಲಿ ಟಣ್ ಟಣ್ ಸದ್ದು. ಅಮ್ಮ ಒಂದೊಂದೇ ಹಂಚನ್ನು ಮಗುಚಿ, ಬೆನ್ನಿನಲ್ಲಿ ಒತ್ತಿದ ಕಾರ್ಖಾನೆಯ ಗುರುತು ನೋಡಿ ಬೇರೆ ಬೇರೆ ಇಡುತ್ತಿದ್ದಳು. ಮೀನು, ನಕ್ಷತ್ರ, ದೀಪ, ಮತ್ತೆ ಗುರುತು ಮಾಸಿದ ಕೆಲವು. ಮೀನಿನ ರಾಶಿ ದೊಡ್ಡದು, ಆದರೂ ಮುಂದಿನ ಮಗ್ಗುಲಿಗೆ ಸಾಲದು. ನಕ್ಷತ್ರ ಹಿಂದಿನ ಮಗ್ಗುಲಿಗೆ ಅರ್ಧವೂ ಇಲ್ಲ. ದೀಪ ತಕ್ಕಮಟ್ಟಿಗೆ ಉಂಟು, ಆದರೆ ಯಾವ ಮಗ್ಗುಲಿಗೂ ಮುಟ್ಟುವಷ್ಟಿಲ್ಲ.

ನೀರಿಗೆ ನಾವು ಕೆಳಗಿನ ಮನೆಗೆ ಹೋಗುತ್ತಿದ್ದೆವು. ಆ ಮನೆಯವರು ಒಬ್ಬರು ಕ್ರಿಶ್ಚಿಯನ್ ಬಾಯಮ್ಮ, ಗಂಡನಿಗೆ ಮಸ್ಕತ್ತಿನಲ್ಲಿ ಕೆಲಸ. ಕೊಡ ಹಿಡಿದು ಹೋದ ಅಮ್ಮ ಬಹಳ ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ ಕೊಡ ಬಾವಿಕಟ್ಟೆಯಲ್ಲಿ, ಅಮ್ಮ ಅವರ ಬಚ್ಚಲಿನ ಹಿಂದೆ ಕುಕ್ಕರುಗಾಲಿನಲ್ಲಿ ಕೂತಿದ್ದಾಳೆ. ಅಲ್ಲಿ ಒಂದು ಹಂಚಿನ ಅಟ್ಟಿ, ಮೇಲೆ ಬಸಳೆ ಬಳ್ಳಿ ಹಬ್ಬಿದೆ.

“ಬಾಯಮ್ಮಾ, ಇದು ಎಂತಕ್ಕೆ ಇಟ್ಟದ್ದು?”

“ಎಂತಕ್ಕೆ ಅಂದ್ರೆ... ಹಳೇ ದನದ ಹಟ್ಟಿಯದ್ದು. ಬೇಕಾಗ್ತದೆ ಅಂತ ಇಟ್ಟದ್ದು. ಮನೆಗೆ ಹಾಕಿದ್ರೆ ಕೂರುವುದಿಲ್ಲ ಕರ್ಮ. ಕೋಣೆಯಲ್ಲಿ ಎರಡು ವರ್ಷದಿಂದ ಪಾತ್ರೆ ಇಡುವುದು ನಾನು, ಸೋರ್ತದೆ ಅಂತ.”

“ಇದು ಮೀನು. ನಿಮ್ಮ ಮನೆಯದ್ದು ದೀಪ.”

ಬಾಯಮ್ಮ ಅವಳ ಮುಖವನ್ನೇ ನೋಡಿದರು. “ನಿಮಗೆ ಹೇಗೆ ಗೊತ್ತು?”

“ಒಳಗೆ ಬಂದು ಮೇಲೆ ನೋಡಿದೆ, ಬೈಬೇಡಿ. ನಮ್ಮಲ್ಲಿ ದೀಪ ಉಂಟು. ಕೊಟ್ಟು ತೆಕ್ಕೊಳ್ಳುವ ಆಗದಾ?”

“ಆಗದಾ ಅಂತ ಕೇಳ್ತೀರಲ್ಲ! ಈಗಲೇ ತನ್ನಿ ಮಾರಾಯ್ತಿ, ಬಸಳೆಯನ್ನೂ ಕೊಯ್ದುಕೊಂಡು ಹೋಗಿ!”

ನಾನು ಬಾವಿಕಟ್ಟೆಯ ಹತ್ತಿರ ನಿಂತೇ ಬಿಟ್ಟೆ. ಮನೆ ಮನೆಯ ಬಚ್ಚಲಿನ ಹಿಂದೆ ಹಂಚು ಇಡುತ್ತಾರೆ ಎನ್ನುವುದು ನನಗೆ ಮೊದಲೇ ಗೊತ್ತು. ಎಲ್ಲರಿಗೂ ಗೊತ್ತು. ಆದರೆ ಆ ಎಲ್ಲ ಬಚ್ಚಲುಗಳು ಸೇರಿದರೆ ಒಂದು ದೊಡ್ಡ ಉಗ್ರಾಣ ಎಂದು, ಅದರ ಬಾಗಿಲು ತೆರೆದೇ ಉಂಟು ಎಂದು ಹೊಳೆದದ್ದು ಅಮ್ಮನಿಗೆ.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ಮೈ ಜುಂ ಅನ್ನುತ್ತದೆ. ನಾನು ವರ್ಕ್‌ಶಾಪಿಗೆ ರಜೆ ಹಾಕಿದೆ. ಒಂದು ಕೈಗಾಡಿ ಸಿಕ್ಕಿತು. ಅಮ್ಮ ಮುಂದೆ, ಗಾಡಿ ಎಳೆಯುತ್ತಾ ನಾನು ಹಿಂದೆ. ಹೊಸ ಊರು, ಒಬ್ಬರ ಪರಿಚಯವೂ ಇಲ್ಲ. ಅಮ್ಮ ಅಂಗಳಕ್ಕೆ ಕಾಲಿಟ್ಟ ಕೂಡಲೇ ಮೊದಲು ಮಾಡನ್ನು ನೋಡುವುದು, ಆಮೇಲೆ ಬಚ್ಚಲಿನ ಕಡೆ ಕಣ್ಣು ಹಾಯಿಸುವುದು, ಕೊನೆಗೆ ಮನೆಯವರನ್ನು ಮಾತಾಡಿಸುವುದು. ಹಟ್ಟಿಯ ಹಿಂದೆ, ಹೂವಿನ ಗಿಡದ ಸುತ್ತ, ತೆಂಗಿನ ಬುಡದಲ್ಲಿ, ನಾಯಿಯ ಗೂಡಿನ ಮೇಲೆ. ಒಂದು ಮನೆಯಲ್ಲಿ ದೇವರ ಕೋಣೆಯ ಅಟ್ಟದಲ್ಲಿ, ಗೋಣಿ ಸುತ್ತಿ, ಪಿತ್ರಾರ್ಜಿತ ಪಾತ್ರೆಯ ಹಾಗೆ ಇಟ್ಟಿದ್ದರು. ಯಾರನ್ನು ಕೇಳಿದರೂ ಒಂದೇ ಮಾತು: ಬೇಕಾಗ್ತದೆ ಅಂತ ಇಟ್ಟದ್ದು. ಹೆಚ್ಚಿನವರಿಗೆ ಅದು ತಮ್ಮ ಮಾಡಿಗೆ ಕೂರುವುದಿಲ್ಲ ಎಂದು ಗೊತ್ತು, ಬಿಸಾಡಲಿಕ್ಕೆ ಮಾತ್ರ ಮನಸ್ಸಿಲ್ಲ. ನಮ್ಮ ಅಮ್ಮನ ಹಾಗಿನ ಹುಚ್ಚು ಊರಿಡೀ ಉಂಟೆಂದು ಆ ದಿನ ಕಂಡಿತು. ಅಷ್ಟೂ ಮನೆಯ ಹಿರಿಯರು ಬಿಸಾಡದೆ ಉಳಿಸಿದ್ದು ಒಂದು ಮಗುವಿನ ತಲೆಯ ಮೇಲೆ ಬರಲಿಕ್ಕೆ ಸಾಲುಗಟ್ಟಿ ಕಾಯುತ್ತಿತ್ತು.

ಒಂದು ಕಡೆ ದೊಡ್ಡ ಜೈನರ ಮನೆ. ಎತ್ತರದ ಜಗಲಿಯಲ್ಲಿ ಕೂತಿದ್ದ ಹಿರಿಯರು ಅಮ್ಮ ಹೇಳಿದ್ದನ್ನೆಲ್ಲ ಕಿವಿಗೊಟ್ಟು ಕೇಳಿದರು. ಆಮೇಲೆ ಒಳಗೆ ನೋಡಿ ಕರೆದರು: “ಇಲ್ಲಿ ಬಾ ನೋಡು ಒಮ್ಮೆ. ಈ ಅಂಗಳಕ್ಕೆ ಹಂಚು ಕೇಳಲಿಕ್ಕೆ ಬಂದವರು ಬಹಳ ಜನ. ಹಂಚು ಕೊಡಲಿಕ್ಕೆ ಅಂತ ಬಂದವರು ಇವರೇ ಮೊದಲು.”

“ಕೊಡಲಿಕ್ಕಲ್ಲ ಧಣಿಗಳೇ, ಬದಲಿಗೆ,” ಎಂದಳು ಅಮ್ಮ.

“ಸರಿ, ಬದಲಿಗೇ. ನಕ್ಷತ್ರ ನಮ್ಮಲ್ಲಿ ಎಷ್ಟು ಬೇಕಾದರೂ ಉಂಟು. ನಿಮ್ಮ ಗುರುತಿಲ್ಲದ್ದು ಇಡಿ, ತುಳಸಿಕಟ್ಟೆಯ ಸುತ್ತ ನಿಲ್ಲಿಸುವ.”

“ಅದು ಸಮ ಆಗುವುದಿಲ್ಲ. ನಿಮ್ಮದು ಗಟ್ಟಿ, ನಮ್ಮದು ಸವೆದು ಲಡ್ಡಾದದ್ದು.”

ಅವರು ನಕ್ಕರು. “ನೀವು ವ್ಯಾಪಾರಕ್ಕೆ ಆಗುವವರಲ್ಲ. ಮನೆ ಒಕ್ಕಲಿಗೆ ಕರೆಯಿರಿ, ಅಲ್ಲಿಗೆ ಸಮ ಆಯಿತು.”

ಹಿಂದಿನ ಮಗ್ಗುಲು ಹಾಗೆ ಮುಗಿಯಿತು. ಸುದ್ದಿ ನಮಗಿಂತ ಮುಂದೆ ಓಡಿತ್ತು. ನಾವು ಹೋಗದ ಮನೆಯ ಹೆಂಗಸರು ತಾವೇ ತಲೆಯ ಮೇಲೆ ಎರಡೆರಡು ಹಂಚು ಹೊತ್ತು ನಮ್ಮ ಅಂಗಳಕ್ಕೆ ಬರಲಿಕ್ಕೆ ಶುರುಮಾಡಿದರು. “ಅಕ್ಕಾ, ಇದು ಮೀನು ಹೌದಾ ನೋಡಿ. ನಮಗೆ ದೀಪ ಕೊಡಿ.” ಆಚಾರ್ರು ಪಕ್ಕಾಸಿನ ಮೇಲಿನಿಂದ, “ಇಲ್ಲಿ ಮಾಡು ಆಗುವುದಾ, ಸಂತೆಯಾ?” ಎಂದು ಕೂಗಿದರು. ಸಂಜೆಗೆ ಅವರೂ ತಮ್ಮ ಮನೆಯಿಂದ ನಾಲ್ಕು ಮೀನು ತಂದಿದ್ದರು. ಅವುಗಳಿಗೆ ಮಾತ್ರ ಬದಲಿ ಕೇಳಲಿಲ್ಲ. ಗೇಟಿಗೆ ಒಂದು ಹೂವಿನ ಡಿಸೈನು ಹೆಚ್ಚಿಗೆ ಬೇಕು ಎಂದರು.

ಆದರೂ ಮುಂದಿನ ಮಗ್ಗುಲಿನ ಕೆಳಗಿನ ಭಾಗ ಬೋಳಾಗಿಯೇ ಉಳಿಯಿತು. ಸುತ್ತಲಿನ ಮೀನೆಲ್ಲ ಖಾಲಿ. ಪತ್ತನಾಜೆಯ ಹಿಂದಿನ ದಿನ ಪಡುವಣದ ಆಕಾಶ ಕಪ್ಪಿಟ್ಟಿತು. ಗಾಳಿ ನಿಂತು ಹೋಯಿತು. ಸುಮತಿಯ ಗಂಡ ಬೈಕಿನಲ್ಲಿ ಬಂದು ನೋಡಿ, ಯಾವ ಹಂಚು ಸಾಲದೆಂದು ಕೇಳಿ, ತಲೆ ಅಲ್ಲಾಡಿಸಿ ಹೋದ. ಅಮ್ಮ ಆ ಖಾಲಿ ರೀಪುಗಳನ್ನು ನೋಡುತ್ತ ನಿಂತಳು. ಒಮ್ಮೆಯೂ ಉಸ್ ಎಂದವಳಲ್ಲ. ಆ ದಿನ ಮೊದಲ ಸಲ, “ನಾಳೆ ಮೂಡುಬಿದಿರೆಗೆ ಹೋಗಿ ಹೇಳಿ ಬರ್ತೇನೆ ಮಗಾ. ಮಾತು ಕೊಟ್ಟಿದ್ದೆ,” ಎಂದಳು.

ಮರುದಿನ ಬೆಳಿಗ್ಗೆ ಅವಳು ಹೊರಡಲಿಕ್ಕೆ ಸೀರೆ ಉಡುತ್ತಿದ್ದಾಗಲೇ ಒಂದು ಗೂಡ್ಸ್ ಟೆಂಪೋ ಏರಿನಲ್ಲಿ ಗುರುಗುಟ್ಟುತ್ತ ಬಂತು. ಮುಂದೆ ಡ್ರೈವರನ ಪಕ್ಕ ಸುಮತಿಯ ಅತ್ತೆ, ಮಡಿಲಲ್ಲಿ ಕೊಡೆ. ಹಿಂದೆ ಬೈಹುಲ್ಲಿನ ನಡುವೆ ಹಂಚು. ಮೀನು!

ಅಮ್ಮನ ಮುಖ ಬಿಗಿಯಿತು. “ಅಕ್ಕಾ, ಸುಮ್ಮನೆ ಯಾಕೆ ತಂದಿರಿ? ಹೆಣ್ಣು ಕೊಟ್ಟ ಮನೆಯವರು ನಾವು, ನಿಮ್ಮಿಂದ...”

“ಸುಮ್ಮನೆ ಯಾರು ತಂದದ್ದು?” ಅತ್ತೆ ಟೆಂಪೋದಿಂದ ಇಳಿದು ಕೊಡೆಯನ್ನು ಊರಿ ನಿಂತರು. “ಬಚ್ಚಲಿನ ಹಿಂದೆ ನನ್ನ ಅತ್ತೆಯ ಕಾಲದಿಂದ ಬಿದ್ದಿತ್ತು. ನಮ್ಮ ಮನೆಗೆ ದೀಪ ಬೇಕು. ಉಂಟಾ ನಿಮ್ಮಲ್ಲಿ? ಒಡಕು ಕೊಟ್ಟರೆ ನಾನು ತೆಕ್ಕೊಳ್ಳುವವಳಲ್ಲ, ಈಗಲೇ ಹೇಳಿದ್ದೇನೆ.”

ಒಂದು ಗಳಿಗೆ ಅಮ್ಮ ಅವರನ್ನೇ ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಉಳಿದ ದೀಪದ ಹಂಚುಗಳ ಕಡೆ ನಡೆದಳು. ಅತ್ತೆ ಬೆರಳಿನ ಗೆಣ್ಣಿನಿಂದ ಒಂದೊಂದನ್ನೇ ತಟ್ಟಿ, ಕಿವಿಗೊಟ್ಟು ಸದ್ದು ಕೇಳಿ, ಎರಡನ್ನು ಬೇಡ ಎಂದು ಬದಿಗೆ ಸರಿಸಿದರು. ಅಮ್ಮ ಬಿಡುತ್ತಾಳಾ? ಟೆಂಪೋಕ್ಕೆ ಹತ್ತಿ ಅವರ ಮೀನುಗಳನ್ನು ತಟ್ಟಿದಳು. “ಇದು ಒಡಕು ಅಕ್ಕಾ, ಹಿಂದೆ ಕೊಂಡುಹೋಗಿ.”

“ಎಲ್ಲಿ ಒಡಕು? ಕೊಡಿ ಇಲ್ಲಿ!”

“ಕೇಳಿ ನೋಡಿ, ಬಾಯಿ ಮುಚ್ಚಿದ ಹಾಗೆ ಸದ್ದು.”

“ಹೌದು, ಒಡಕೇ. ನಿಮ್ಮ ಕಿವಿಯೋ!”

ಇಬ್ಬರು ಬೀಗಿತ್ತಿಯರು ಬೈಹುಲ್ಲಿನಲ್ಲಿ ಮಂಡಿಯೂರಿ ಹಂಚಿಗೆ ಜಗಳವಾಡುವುದನ್ನು ನಾನು ಏಣಿಯ ಮೇಲೆ ನಿಂತು ನೋಡಿದೆ. ಆ ಹೆಂಗಸಿಗೆ ನಿಜಕ್ಕೂ ದೀಪ ಬೇಕಿತ್ತೋ ಇಲ್ಲವೋ, ಇವತ್ತಿಗೂ ನಾನು ಕೇಳಿಲ್ಲ. ಕೇಳುವುದೂ ಇಲ್ಲ. ಕೊಡುವುದು ಎಲ್ಲರಿಗೂ ಬರುತ್ತದೆ. ತೆಗೆದುಕೊಳ್ಳುವವರ ತಲೆ ತಗ್ಗದ ಹಾಗೆ ಕೊಡುವುದನ್ನು ನಾನು ಕಂಡದ್ದು ಆ ದಿನ, ಆ ಟೆಂಪೋದಲ್ಲಿ.

ಮಧ್ಯಾಹ್ನದ ಊಟಕ್ಕೂ ಇಳಿಯದೆ ಆಚಾರ್ರೂ ನಾನೂ ಸಾಲು ಮುಗಿಸಿದೆವು. ಕೊನೆಯ ಹಂಚು ಟಕ್ಕೆಂದು ಕೂತಾಗ ದೊಡ್ಡ ದೊಡ್ಡ ಹನಿ ಬೀಳಲಿಕ್ಕೆ ಶುರುವಾಗಿತ್ತು. ಎಲ್ಲರೂ ಒಳಗೆ ಓಡಿದೆವು. ನೆಲ ಇನ್ನೂ ಮಣ್ಣು, ಬಾಗಿಲು ಇಟ್ಟಿರಲಿಲ್ಲ. ಅಮ್ಮ, ಅತ್ತೆ, ಆಚಾರ್ರು, ನಾನು, ಟೆಂಪೋದ ಡ್ರೈವರ, ಹಂಚು ತಂದಿದ್ದ ಇಬ್ಬರು ಹೆಂಗಸರು, ಎಲ್ಲರೂ ಕತ್ತು ಮೇಲೆತ್ತಿ ನಿಂತೆವು. ಮಳೆ ಒಂದೇ ಸಮನೆ ಸುರಿಯಿತು. ಹಂಚಿನ ಮೇಲೆ ಆ ಸದ್ದು ಮೊದಲು ಅವಲಕ್ಕಿ ಹುರಿದ ಹಾಗೆ, ಆಮೇಲೆ ಹೊಳೆ ಬಂದ ಹಾಗೆ. ಎಷ್ಟು ಮನೆಯ ಬಚ್ಚಲಿನ ಹಿಂದಿನಿಂದ ಬಂದದ್ದು ಅದು! ಒಂದರ ತುಟಿ ಇನ್ನೊಂದರ ಗೀರಿಗೆ ಕೂತು, ಒಂದೇ ಒಂದು ಹನಿಯನ್ನೂ ಒಳಗೆ ಬಿಡಲಿಲ್ಲ. ನಾನು ಆಮೇಲೆ ದೊಡ್ಡ ದೊಡ್ಡ ಸಭಾಭವನಗಳಿಗೆ ಮಾಡು ಹಾಕಿದ್ದೇನೆ. ಹಾಗೆ ಕತ್ತು ಎತ್ತಿ ನಿಂತದ್ದು ಅದೊಂದೇ ಮಾಡಿನ ಅಡಿಯಲ್ಲಿ.

ಅತ್ತೆಯೇ ಮೊದಲು ಬಾಯಿ ಬಿಟ್ಟರು. “ಆಗಲಿ ಅಕ್ಕಾ. ಗುರುವಾರ ಒಳ್ಳೆ ದಿನ ಉಂಟು. ಕರಕೊಂಡು ಹೋಗಿ ಅವಳನ್ನು.”

ಅಮ್ಮ ಆಗ ಅತ್ತಳು. ಅಪ್ಪ ಹೋದಾಗಲೂ ನಾನು ಅವಳು ಹಾಗೆ ಅತ್ತದ್ದನ್ನು ನೋಡಿರಲಿಲ್ಲ.

ಸುಮತಿ ಗುರುವಾರ ಬಂದಳು. ಹೆರಿಗೆ ಆಸ್ಪತ್ರೆಯಲ್ಲಿ ಆಯಿತು. ಹೆಣ್ಣು ಮಗುವನ್ನು ಮನೆಗೆ ತಂದ ದಿನ ಹೊರಗೆ ಮೂರು ಮಾರು ದೂರದ್ದು ಕಾಣದ ಹಾಗೆ ಮಳೆ. ಬಾಣಂತಿಯ ಕೋಣೆಯಲ್ಲಿ ಕೆಂಡ, ಬೆಳ್ಳುಳ್ಳಿ, ಬಿಸಿ ನೀರಿನ ಹಬೆ, ಒಣ ನೆಲ. ಆ ಮಳೆಗಾಲವಿಡೀ ಆ ಮಗು ಮಾಡನ್ನೇ ನೋಡುತ್ತ ಮಲಗಿತ್ತು.

ಈಗ ನನಗೆ ಇರುವುದು ಇಷ್ಟು: ಪುಂಜಾಲಕಟ್ಟೆಯಲ್ಲಿ ಒಂದು ವೆಲ್ಡಿಂಗ್ ಶಾಪು, ಅದರಲ್ಲಿ ಎರಡು ಮಿಷನ್. ಒಂದು ಪಿಕಪ್. ಕೆಲಸಕ್ಕೆ ನಾಲ್ಕು ಜನ. ಹೆಂಡತಿ, ಕಾಲೇಜಿಗೆ ಹೋಗುವ ಮಗಳು, ಹೈಸ್ಕೂಲಿನ ಮಗ. ಮದುವೆ ವಯಸ್ಸಿನ ಒಬ್ಬಳು ಸೊಸೆ, ಅಂದರೆ ತಂಗಿಯ ಮಗಳು. ಐದು ಸೆಂಟ್ಸ್ ಜಾಗ. ಇನ್ನೂ ಸೋರದ ಒಂದು ಮನೆ. ಅದರ ಬಚ್ಚಲಿನ ಹಿಂದೆ, ಹೊಂಡಕ್ಕೆ ಹಾಕದೆ ನರಿಕೊಂಬಿನಿಂದ ತಂದ ಹಂಚಿನ ಅಟ್ಟಿ. ಮನೆಯೊಳಗೆ ಒಬ್ಬಳು ಅಮ್ಮ, ಎಪ್ಪತ್ತು ದಾಟಿದವಳು.